ಆಯುಧಪೂಜೆಯ ಬೆಳಗಿನ ತೂಕ

ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದಾಗ ಪರದೆಯ ಮೇಲೆ ಮೂಡಿದ ಅಕ್ಷರಗಳು ಕೆಂಪಗಿದ್ದವು ಎಂದು ಬಹಳ ಕಾಲ ನಂಬಿದ್ದೆ. ಮೊನ್ನೆ ದಿನಚರಿ ತೆಗೆದು ನೋಡಿದರೆ 'ಬೂದುಬಣ್ಣದ ಸಣ್ಣ ಅಕ್ಷರ, ಎರಡು ಸಲ ಓದಬೇಕಾಯಿತು' ಎಂದಿದೆ. ಆದ್ದರಿಂದ ಇಲ್ಲಿ ನೆನಪಿಗಿಂತ ದಿನಚರಿಯನ್ನೇ ಹೆಚ್ಚು ನಂಬುತ್ತೇನೆ. ಅದು ಏನೂ ಹೇಳದ ಕಡೆ, ಹೇಳಿಲ್ಲ ಎಂದೇ ಬರೆಯುತ್ತೇನೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಊರಿನ ಯಾರ ಗದ್ದೆಯಲ್ಲಿ ಎಷ್ಟು ಕಬ್ಬಿದೆ, ಯಾರಿಗೆ ಯಾವತ್ತು ಕಟಾವಿನ ಪರ್ಮಿಟ್ ಹೋಗಬೇಕು, ವೇಬ್ರಿಡ್ಜ್ ಮೇಲೆ ನಿಂತ ಗಾಡಿ ಎಷ್ಟು ತೂಗಿತು, ಎಲ್ಲವೂ ಅದರೊಳಗೆ ಇರುತ್ತದೆ. ಆ ವರ್ಷ ಹಂಗಾಮು ಶುರುವಾಗುವ ಹೊತ್ತಿಗೆ ಹೊಸ ಆಡಿಟರುಗಳು ಬಂದರು. ಒಂದು ವಾರ ಎಲ್ಲ ಕೋಣೆಗಳನ್ನೂ ಹೊಕ್ಕು ಹೊರಟು ಕೊನೆಗೆ ಬರೆದಿಟ್ಟ ಆಕ್ಷೇಪಗಳಲ್ಲಿ ಒಂದು ನನ್ನ ಬಗ್ಗೆ ಇತ್ತು: ಡೇಟಾಬೇಸ್ ನಿರ್ವಹಿಸುವವರಿಗೆ ಮಾನ್ಯತೆ ಇರುವ ಪ್ರಮಾಣಪತ್ರ ಇಲ್ಲ.

ಮ್ಯಾನೇಜರ್ ನನ್ನನ್ನು ಕರೆಸಿದರು. ಅವರು ಮಂಡ್ಯದವರೇ. ಕೋಪ ಬಂದಾಗಲೂ ಸಮಾಧಾನ ಮಾಡುವಾಗಲೂ ಅವರದು ಒಂದೇ ದನಿ.

"ನೋಡಮ್ಮ, ನಿನ್ ಕೆಲ್ಸದ ಮೇಲೆ ನಂಗೇನೂ ಅನುಮಾನ ಇಲ್ಲ. ಆದ್ರೆ ಆಡಿಟ್ನೋರು ಕೇಳೋದು ಕೆಲ್ಸ ಅಲ್ಲ, ಕಾಗ್ದ. ಈ ಅಂಗಾಮು ಮುಗಿಯೋದ್ರೊಳ್ಗೆ ಪಾಸ್ ಮಾಡ್ಕೊ. ಇಲ್ದಿದ್ರೆ ಡೇಟಾಬೇಸು ಬೆಂಗ್ಳೂರ್ ಕಂಪ್ನಿಗೆ ಓಯ್ತದೆ. ನಿಂಗೆ ಬೇರೆ ಟೇಬಲ್ ಕೊಡ್ತೀವಿ ಬುಡು, ಅದ್ಕೇನು."

ಬೇರೆ ಟೇಬಲ್ ಎಂದರೆ ಪರ್ಮಿಟ್ ಸೆಕ್ಷನ್ನಿನಲ್ಲಿ ಹೆಸರು ಟೈಪ್ ಮಾಡುವುದು. ಎಂ.ಸಿ.ಎ. ಮುಗಿಸಿ ಆ ಡೇಟಾಬೇಸನ್ನು ಮೊದಲ ಕೋಷ್ಟಕದಿಂದ ಕಟ್ಟಿದವಳು ನಾನು. ಪರೀಕ್ಷೆಯ ಶುಲ್ಕ ಯಾರು ಕೊಡುತ್ತಾರೆ ಎಂದು ಕೇಳಿದೆ. ಪಾಸಾದರೆ ಕಾರ್ಖಾನೆ ವಾಪಸ್ ಕೊಡುತ್ತದಂತೆ. ಫೇಲಾದರೆ ಏನು ಎಂದು ಕೇಳಲಿಲ್ಲ. ಫೇಲಾಗಬಹುದು ಎಂಬ ಯೋಚನೆಯೇ ಆಗ ನನಗೆ ಇರಲಿಲ್ಲ.

ಮೈಸೂರಿನ ಕೇಂದ್ರದಲ್ಲಿ ಪರೀಕ್ಷೆ ಬರೆದೆ, ಫೇಲಾದೆ. ಶುಲ್ಕ ನನ್ನ ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚಿತ್ತು, ಅದು ಹೋಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಫೇಲಾದ ರೀತಿ. ವಿಷಯವಾರು ಅಂಕ ನೋಡಿದರೆ ನಾನು ಬಿದ್ದದ್ದು ದಿನಾ ಮಾಡುವ ಕೆಲಸದಲ್ಲೇ: ಕೆಟ್ಟುನಿಂತ ಡೇಟಾಬೇಸನ್ನು ಮತ್ತೆ ಎಬ್ಬಿಸುವ ವಿಭಾಗದಲ್ಲಿ. ನಮ್ಮಲ್ಲಿ ಏನಾದರೂ ನಿಂತರೆ ನಾನು ಮೊದಲು ಮಾಡುತ್ತಿದ್ದದ್ದು ಮಷೀನ್ ಆರಿಸಿ ಹೊತ್ತಿಸುವುದು. ಅದು ಎದ್ದು ಕೂರುತ್ತಿತ್ತು. ಎದ್ದದ್ದಕ್ಕೆ ಕಾರಣ ನಾನೋ ಅದೃಷ್ಟವೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪರೀಕ್ಷೆ ಅದನ್ನೇ ಕೇಳಿತು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ, ನಾಲ್ಕೂ ಕೆಲಸ ಮಾಡುವಂಥವೇ. ಮೊದಲು ಯಾವುದು ಮಾಡುತ್ತೀರಿ ಎಂಬುದೇ ಪ್ರಶ್ನೆ. ನಾನು ಪ್ರತಿ ಸಲವೂ ಬೇಗ ಆಗುವುದನ್ನು ಆರಿಸಿದ್ದೆ.

ಕೆಲವು ದಿನ ಪರೀಕ್ಷೆಯನ್ನು ಬೈದುಕೊಂಡು ಓಡಾಡಿದೆ. ವೇಬ್ರಿಡ್ಜ್ ಮೇಲೆ ಕಬ್ಬಿನ ಗಾಡಿ ನಿಂತಿರುವಾಗ ಇವರ ನಾಲ್ಕು ಉತ್ತರ ಯಾರಿಗೆ ಬೇಕು ಎಂದು ದಿನಚರಿಯಲ್ಲೂ ಬರೆದಿದ್ದೇನೆ. ಅದೇ ಪುಟದ ಕೆಳಗೆ, ಬೇರೆ ಶಾಯಿಯಲ್ಲಿ, 'ಆದರೆ ಅವರು ಕೇಳಿದ್ದು ಸರಿಯಾಗಿಯೇ ಇದೆ' ಎಂದಿದೆ. ಅದನ್ನು ಯಾವಾಗ ಸೇರಿಸಿದೆನೋ ನೆನಪಿಲ್ಲ.

ಎರಡನೇ ಸಲಕ್ಕೆ ಓದುವ ರೀತಿ ಬದಲಿಸಿದೆ. ಹೊಳಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಸುಳ್ಳು ಕಾರ್ಖಾನೆ ಕಟ್ಟಿದೆ. ಸುಳ್ಳು ರೈತರು, ಸುಳ್ಳು ಗಾಡಿಗಳು. ಅದನ್ನು ಬೇಕೆಂದೇ ಕೆಡಿಸುವುದು: ಒಂದು ದಿನ ಒಂದು ಕಡತ ಅಳಿಸುವುದು, ಇನ್ನೊಂದು ದಿನ ಬರೆಯುತ್ತಿರುವಾಗಲೇ ಕರೆಂಟು ಕೀಳುವುದು. ಆಮೇಲೆ ಪುಸ್ತಕದ ಕ್ರಮದಲ್ಲಿ ಸರಿಮಾಡುವುದು. ಸೊಪ್ಪು ಸೋಸುತ್ತ ಪಕ್ಕದಲ್ಲಿ ಕೂತಿರುತ್ತಿದ್ದ ಅತ್ತೆಗೆ ಇದು ಸೋಜಿಗ.

"ಕೆಡುಸ್ತೀಯ, ಸರಿ ಮಾಡ್ತೀಯ. ಸರಿ ಓಯ್ತು ಅನ್ನೋದ್ರೊಳ್ಗೆ ತಿರ್ಗ ಕೆಡುಸ್ತೀಯ. ಇದೆಂಥ ಓದವ್ವ? ನಮ್ಮನೇಲಿ ಕೆಡ್ಸೋಕೆ ನಿನ್ ಗಂಡ ಒಬ್ಬ ಸಾಲ್ದಾ?"

ಒಳಗಿನಿಂದ ನನ್ನ ಗಂಡ, "ನಾನ್ ಕೆಡುಸ್ತೀನಿ, ಸರಿ ಮಾಡೋಕ್ ಬರಲ್ಲ. ಅವ್ಳು ಅದ್ನೂ ಕಲೀತಾವ್ಳೆ ಕಣವ್ವ," ಎಂದರು.

ಆ ಓದಿನಿಂದ ಕಾರ್ಖಾನೆಯಲ್ಲಿ ಒಂದು ಬದಲಾವಣೆ ಮಾಡಿದೆ. ಡೇಟಾಬೇಸಿನಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಆದ ಕ್ರಮದಲ್ಲೇ ಬರೆದಿಡುವ ಕಡತಗಳಿರುತ್ತವೆ, ಅವಕ್ಕೆ ಲಾಗ್ ಎನ್ನುತ್ತೇವೆ. ದಿನಾ ರಾತ್ರಿ ತೆಗೆದಿಡುವ ಪೂರ್ತಿ ನಕಲನ್ನು, ಅಂದರೆ ಬ್ಯಾಕಪ್ಪನ್ನು, ತಂದು ಕೂರಿಸಿ ಅದರ ಮೇಲೆ ಲಾಗ್‌ಗಳನ್ನು ಒಂದರ ಹಿಂದೊಂದು ಓಡಿಸಿದರೆ, ಮಷೀನ್ ನಿಂತ ಗಳಿಗೆಯವರೆಗೂ ಬಂದು ಮುಟ್ಟಬಹುದು. ನಡುವಿನ ಒಂದು ಕಳೆದುಹೋದರೆ ಅಲ್ಲಿಗೇ ನಿಲ್ಲಬೇಕು. ನಮ್ಮಲ್ಲಿ ಲಾಗ್‌ಗಳೂ ಡೇಟಾಬೇಸೂ ಒಂದೇ ಮಷೀನಿನಲ್ಲಿದ್ದವು. ಲಾಗ್ ತುಂಬಿದ ಕೂಡಲೇ ಅದರ ನಕಲು ಅಕೌಂಟ್ಸ್ ಆಫೀಸಿನ ಮಷೀನಿಗೆ ಹೋಗುವಂತೆ ಮಾಡಿದೆ. ಯಾರೂ ಗಮನಿಸಲಿಲ್ಲ. ಗಮನಿಸುವಂಥದ್ದೂ ಅಲ್ಲ.

ಎರಡನೇ ಪರೀಕ್ಷೆಗೆ ದಸರಾ ಕಳೆದ ಮೇಲೆ ದಿನ ಸಿಕ್ಕಿತು. ಅದಕ್ಕೆ ಮುಂಚೆ ಆಯುಧಪೂಜೆ ಬಂತು.

ಆಯುಧಪೂಜೆಯ ಬೆಳಿಗ್ಗೆ ನಮ್ಮ ಕಾರ್ಖಾನೆಯಲ್ಲಿ ಗಾಣ ನಿಲ್ಲಿಸಿ, ತೊಳೆದು, ಹೂವಿಟ್ಟು, ಮಂಗಳಾರತಿ ಆದ ಮೇಲೆ ಮಧ್ಯಾಹ್ನ ಮತ್ತೆ ಶುರು ಮಾಡುವುದು ರೂಢಿ. ಪೂಜೆ ಆಗುವಾಗ ಯಾವ ಯಂತ್ರವೂ ದುಡಿಯಬಾರದು. ಹಿಂದಿನ ವರ್ಷಗಳಲ್ಲಿ ಸರ್ವರ್ ರೂಮಿನ ಪೂಜೆಗೆ ನಾನೇ ನಿಂತು, ಸರ್ವರನ್ನು ಕ್ರಮವಾಗಿ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆಸುತ್ತಿದ್ದೆ. ಆ ವರ್ಷ ಮನೆಯಲ್ಲಿ ಪಂಪ್‌ಸೆಟ್ಟು, ಬೈಕಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ತಡವಾಯಿತು. ಮಂಡ್ಯದಿಂದ ಬಸ್ಸಿನಲ್ಲಿ ಗೆಜ್ಜಲಗೆರೆ ದಾಟುತ್ತಿರುವಾಗ ವೇಬ್ರಿಡ್ಜ್ ಕ್ಲರ್ಕ್ ಫೋನ್ ಮಾಡಿದರು.

"ಮೇಡಂ, ಸ್ಕ್ರೀನು ಹಂಗೇ ನಿಂತೋಯ್ತು. ಟ್ರ್ಯಾಕ್ಟ್ರು ಮೇಲೇ ಐತೆ."

ನಾನು ಹೋಗುವಷ್ಟರಲ್ಲಿ ಸರ್ವರ್ ರೂಮಿನ ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಒಳಗೆ ಸರ್ವರಿನ ಹಣೆಗೆ ಕುಂಕುಮ, ಯುಪಿಎಸ್ ಮೇಲೆ ಚೆಂಡುಹೂವು, ನೆಲದ ಮೇಲೆ ಒಡೆದ ಬೂದುಗುಂಬಳ. ಸರ್ವರ್, ಯುಪಿಎಸ್ ಎರಡೂ ಆರಿದ್ದವು. ವೈದ್ಯನಾಥಪುರದ ನಮ್ಮ ಹಿರಿಯ ಎಲೆಕ್ಟ್ರಿಶಿಯನ್ ಕೈಮುಗಿದುಕೊಂಡು ನಿಂತಿದ್ದರು.

"ಮೈನ್ ಆಫ್ ಮಾಡುದ್ರೂ ಇದು ಉರೀತಾನೇ ಇತ್ತು ಕಣವ್ವ. ನೋಡುದ್ರೆ ಈ ಪೆಟ್ಗೆ ಕರೆಂಟ್ ಕೊಡ್ತಾ ಐತೆ. ಪಾಪ, ವರ್ಸೆಲ್ಲ ದುಡಿಯೋದು, ಪೂಜೆ ಒತ್ನಲ್ಲಾದ್ರೂ ಸುಮ್ಕಿರ್ಲಿ ಅಂತ ಅದ್ನೂ ಆರುಸ್ಬುಟ್ಟೆ. ತಪ್ಪಾಯ್ತಾ?"

ಅವರನ್ನು ಬೈಯುವ ಮಾತೇ ಇರಲಿಲ್ಲ. ಅವರು ಗೌರವ ಕೊಡಲು ಹೋಗಿದ್ದರು. "ನೀವು ಆಚೆ ಕೂತಿರಿ ಅಣ್ಣ, ನೋಡ್ತೀನಿ," ಎಂದೆ.

ಕರೆಂಟು ಕೊಟ್ಟೆ. ಮಷೀನ್ ಎದ್ದಿತು, ಡೇಟಾಬೇಸ್ ಏಳಲಿಲ್ಲ. ಬರೆಯುತ್ತಿದ್ದ ಲಾಗ್ ಅರ್ಧಕ್ಕೇ ಕಡಿದಿದೆ, ಒಂದು ಮುಖ್ಯ ಕಡತಕ್ಕೂ ಅದಕ್ಕೂ ಹೊಂದಿಕೆಯಾಗುತ್ತಿಲ್ಲ ಎಂದು ಪರದೆ ಹೇಳಿತು.

ಏನು ಹೋಗಿದೆ ಎಂಬುದು ನನಗೆ ಆಗಲೇ ಗೊತ್ತಾಯಿತು. ಕಬ್ಬು ತುಂಬಿದ ಗಾಡಿಯನ್ನು ಒಳಗೆ ಬರುವಾಗ ಒಮ್ಮೆ ತೂಗುತ್ತೇವೆ. ಕಬ್ಬು ಇಳಿಸಿ ಖಾಲಿ ಗಾಡಿ ಹೊರಗೆ ಹೋಗುವಾಗ ಇನ್ನೊಮ್ಮೆ. ಎರಡನೆಯದಾದ ಮೇಲಷ್ಟೇ ಚೀಟಿ ಬರುತ್ತದೆ. ಅಲ್ಲಿಯವರೆಗೆ ರೈತರ ಕೈಯಲ್ಲಿರುವುದು ಟೋಕನ್ ಒಂದೇ. ಆ ಬೆಳಿಗ್ಗೆ ಕಬ್ಬು ಇಳಿಸಿ, ಖಾಲಿ ತೂಕ ಆಗುವ ಮುಂಚೆಯೇ ಪೂಜೆಗೆಂದು ನಿಂತ ಗಾಡಿಗಳ ಸಾಲು ಯಾರ್ಡಿನಲ್ಲಿತ್ತು. ಅವುಗಳ ತುಂಬಿದ ತೂಕ ಇದ್ದದ್ದು ಆ ಡೇಟಾಬೇಸಿನೊಳಗೆ ಮಾತ್ರ. ಕಬ್ಬು ಗಾಣದ ಬಾಯಿಗೆ ಹೋಗಿಯಾಗಿತ್ತು.

ಮ್ಯಾನೇಜರ್ ಬಂದರು. ಮಂಗಳಾರತಿ ಮುಗಿದ ಕೂಡಲೇ ಗಾಣ ಶುರುವಾಗಬೇಕು, ಮೊದಲ ಗಾಡಿಯ ಚೀಟಿ ಕಂಪ್ಯೂಟರಿನಿಂದಲೇ ಬರಬೇಕು ಎಂದರು. ಬೆಂಗಳೂರಿನ ಕಂಪನಿಯ ಇಂಜಿನಿಯರಿಗೆ ಆಗಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮೇಜಿನ ಮೇಲಿಟ್ಟರು. ಆತ ಸೌಮ್ಯ ಸ್ವಭಾವದವರು, ನಾನು ಬರೆದ ಪರೀಕ್ಷೆಗಿಂತ ಎರಡು ಮೆಟ್ಟಿಲು ಮೇಲಿನದನ್ನು ಪಾಸಾದವರು.

"ಮೇಡಂ, ರಾತ್ರಿ ಬ್ಯಾಕಪ್ ಇದೆಯಲ್ವಾ? ಅದನ್ನೇ ಇದರ ಮೇಲೆ ರಿಸ್ಟೋರ್ ಮಾಡಿಬಿಡಿ. ಬೇಗ ಆಗುತ್ತೆ. ಬೆಳಗಿನ ಎಂಟ್ರಿಗಳನ್ನ ಮತ್ತೆ ಹೊಡೆಸಿ."

"ಸರ್, ಮೊದಲು ಕೆಟ್ಟಿರೋದನ್ನ ಹಂಗೇ ಬೇರೆ ಡಿಸ್ಕಿಗೆ ನಕಲು ಮಾಡ್ಕೋತೀನಿ. ರಿಸ್ಟೋರನ್ನ ಬೇರೆ ಮಷೀನಲ್ಲಿ ಮಾಡ್ತೀನಿ. ಇದನ್ನ ಮುಟ್ಟಲ್ಲ."

"ಅದಕ್ಕೆ ಮಧ್ಯಾಹ್ನ ಪೂರ್ತಿ ಬೇಕು ಮೇಡಂ."

ಮ್ಯಾನೇಜರ್ ನನ್ನ ಮುಖ ನೋಡಿದರು. "ಅವ್ರು ಪಾಸಾದೋರು ಕಣಮ್ಮ. ನೀನು..." ಎಂದು ಅಲ್ಲಿಗೇ ನಿಲ್ಲಿಸಿದರು. ಈ ಮಾತನ್ನು ನೆನಪೂ ದಿನಚರಿಯೂ ಒಂದೇ ಥರ ಹೇಳುತ್ತವೆ.

ಬಾಗಿಲಲ್ಲಿ ಆಗಲೇ ರೈತರು ಸೇರಿದ್ದರು. ಎಲ್ಲರಿಗಿಂತ ಮುಂದೆ ಮಳವಳ್ಳಿ ಕಡೆಯ ಒಬ್ಬ ಹೆಂಗಸು, ಕೈಯಲ್ಲಿ ಟೋಕನ್. ಎಲೆಕ್ಟ್ರಿಶಿಯನ್ ತಡೆಯಲು ಹೋದರೆ ಅವರನ್ನೇ ಪಕ್ಕಕ್ಕೆ ಸರಿಸಿ ಒಳಗೆ ಬಂದರು.

"ಏನವ್ವ, ನನ್ ಕಬ್ಬು ಗಾಣುಕ್ಕೋಯ್ತು, ತೂಕ ಎಲ್ಲೋಯ್ತು? ಪೂಜೆಗ್ ಕೊಟ್ಬುಟ್ರಾ?"

"ಹುಡುಕ್ತಾ ಇದೀವಿ ಅಕ್ಕ."

"ಉಡ್ಕೋಕೆ ಅದೇನ್ ಕಳ್ದೋದ್ ಕೋಳೀನಾ? ಅಂದಾಜ್ಗೆ ಬರ್ಕೊಡ್ತೀವಿ ಅಂದ್ರೆ ನಾನೊಪ್ಪಕಿಲ್ಲ, ಈಗ್ಲೇ ಯೋಳ್ಬುಟ್ಟಿವ್ನಿ."

ಫೋನಿನಲ್ಲಿದ್ದ ಇಂಜಿನಿಯರಿಗೆ ಇದೆಲ್ಲ ಕೇಳಿಸಿರಬೇಕು. ನಾನು ಹೇಳಿದೆ: "ಸರ್, ಅಂಗಡಿ ಬಿಲ್ ಆಗಿದ್ರೆ ಮತ್ತೆ ಹೊಡೆಸಬಹುದಿತ್ತು. ಇಲ್ಲಿ ಮತ್ತೆ ತೂಗೋಕೆ ಕಬ್ಬೇ ಇಲ್ಲ. ಅರೆದಾಗಿದೆ."

ಅತ್ತ ಕಡೆಯಿಂದ, "ಅದು ನನಗೆ ಗೊತ್ತಿರಲಿಲ್ಲ. ಹಾಗಿದ್ರೆ ನೀವು ಹೇಳಿದ್ದೇ ಸರಿ. ನಕಲು ತಗೊಳ್ಳೋವರೆಗೂ ಏನೂ ಮುಟ್ಟಬೇಡಿ," ಎಂದರು.

ಮ್ಯಾನೇಜರಿಗೆ ಹೇಳಿದೆ: ಗಾಣ ಶುರುವಾಗಲಿ, ತಡೆಯುವುದು ಬೇಡ. ವೇಬ್ರಿಡ್ಜಿನ ಅಂಕಿ ತೋರಿಸುವ ಪೆಟ್ಟಿಗೆಗೂ ಸರ್ವರಿಗೂ ಸಂಬಂಧವಿಲ್ಲ, ಅದು ತೋರಿಸಿದ್ದನ್ನು ಕೈಯಲ್ಲಿ ಬರೆಯೋಣ. ಬರೆಯುವವನ ಪಕ್ಕದಲ್ಲಿ ರೈತರ ಕಡೆಯವರೊಬ್ಬರು ನಿಂತು ಅಂಕಿ ನೋಡಲಿ, ಡ್ರೈವರ್ ಸಹಿ ಹಾಕಲಿ. ಬೆಳಗಿನ ತೂಕ ನನಗೆ ಬಿಡಿ.

"ಸಿಗ್ದಿದ್ರೆ?"

"ಸಿಗದಿದ್ರೆ ಪರೀಕ್ಷೆಗೂ ಹೋಗಲ್ಲ ಸರ್. ಬೇರೆ ಟೇಬಲ್ ಕೊಡಿ."

ಹೀಗೆ ನಾನು ನಿಜಕ್ಕೂ ಹೇಳಿದೆನೇ? ದಿನಚರಿಯಲ್ಲಿ ಈ ಮಾತಿಲ್ಲ. ಮ್ಯಾನೇಜರ್ ಮಾತ್ರ ಈಗಲೂ ಎಲ್ಲರೆದುರು ಇದನ್ನು ಹೇಳಿ ನಗುತ್ತಾರೆ. ಅವರನ್ನು ನಂಬಿ ಬರೆದಿದ್ದೇನೆ.

ಕೆಲಸ ಶುರು ಮಾಡಿದೆ. ಮೊದಲ ಆಜ್ಞೆ ಟೈಪ್ ಮಾಡಿ, ಒತ್ತುವ ಮುಂಚೆ ನೋಡಿದರೆ ಎಲ್ಲಿಂದ ಎಲ್ಲಿಗೆ ಎಂಬುದು ತಿರುಗುಮುರುಗಾಗಿತ್ತು. ಒತ್ತಿದ್ದರೆ ಖಾಲಿ ಡಿಸ್ಕಿನಲ್ಲಿದ್ದದ್ದು, ಅಂದರೆ ಏನೂ ಇಲ್ಲದ್ದು, ಸರ್ವರಿನ ಕಡತಗಳ ಮೇಲೆ ಬಂದು ಕೂರುತ್ತಿತ್ತು. ನಾನೇ ಎಚ್ಚರವಾಗಿದ್ದು ಕಂಡುಹಿಡಿದೆ ಎಂದು ನನ್ನ ನೆನಪು ಹೇಳುತ್ತದೆ. ದಿನಚರಿ ಹೇಳುವುದು ಬೇರೆ. ವೇಬ್ರಿಡ್ಜ್ ಕ್ಲರ್ಕ್, ಬರೆಯುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ಬಂದು ನನ್ನ ಹಿಂದೆ ನಿಂತಿದ್ದರು. ಬಿ.ಎಸ್ಸಿ. ಓದಿದ ಹುಡುಗ, ಪರದೆಯನ್ನು ಜೋರಾಗಿ ಓದುವ ಅಭ್ಯಾಸ.

"ಇಲ್ಲಿಂದ ಅಲ್ಲಿಗಾ ಮೇಡಂ, ಅಲ್ಲಿಂದ ಇಲ್ಲಿಗಾ?" ಎಂದು ಕೇಳಿದರು.

ಕೈ ತೆಗೆದೆ. ಒಂದು ಲೋಟ ನೀರು ಕುಡಿದೆ. "ಇನ್ನು ಮೇಲೆ ಪ್ರತಿಯೊಂದನ್ನೂ ಹೀಗೇ ಜೋರಾಗಿ ಓದಿ. ನೀವು ಹೂಂ ಅಂದ ಮೇಲೆ ಒತ್ತುತ್ತೀನಿ," ಎಂದೆ.

"ತಪ್ಪಾದ್ರೆ ನಾನೂ ಪಾಲುದಾರನಾ?"

"ಸರಿಯಾದ್ರೂ ಪಾಲುದಾರ."

ಕೆಟ್ಟ ಕಡತಗಳ ನಕಲು ಡಿಸ್ಕಿಗೆ ಇಳಿಯಿತು. ಅದನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಆಮೇಲೆ ಅಕೌಂಟ್ಸ್ ಆಫೀಸಿಗೆ ಹೋಗಿ, ಅಲ್ಲಿಯ ಮಷೀನಿನಲ್ಲಿ ರಾತ್ರಿಯ ಬ್ಯಾಕಪ್ ಕೂರಿಸಿದೆವು. ಹೊರಗೆ ಮಂಗಳಾರತಿಯ ಗಂಟೆ, ಹಿಂದೆಯೇ ಗಾಣದ ಸದ್ದು. ಯಾರೋ ಪುರಿ, ಕಡಲೆ, ಬಾಳೆಹಣ್ಣು ತಂದು ಕೀಬೋರ್ಡಿನ ಪಕ್ಕ ಇಟ್ಟು ಹೋದರು. ಲಾಗ್‌ಗಳನ್ನು ಒಂದೊಂದಾಗಿ ಓಡಿಸುತ್ತ ಹೋದೆ. ನಸುಕಿನ ಗಾಡಿಗಳು ಬಂದವು, ಬಿಸಿಲೇರುವ ಹೊತ್ತಿನವು ಬಂದವು. ಹೀಗೆ ಸರಾಗವಾಗಿ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ಮುಂದಿನ ಲಾಗ್ ಇಲ್ಲ.

ನಕಲು ಇಲ್ಲಿಗೆ ಬಂದಿರಲೇಬೇಕಿತ್ತು. ಯಾಕೆ ಬರಲಿಲ್ಲ ಎಂದು ಕೂತು ಯೋಚಿಸುತ್ತಿರುವಾಗ ಕಣ್ಣು ಆ ಮಷೀನಿನ ಮೇಲೆಯೇ ಬಿತ್ತು. ಅದಕ್ಕೂ ಕುಂಕುಮ ಹಚ್ಚಿತ್ತು. ಎಲೆಕ್ಟ್ರಿಶಿಯನ್ ಅವರನ್ನು ಕರೆದು ಕೇಳಿದೆ.

"ಅಣ್ಣ, ಬೆಳಿಗ್ಗೆ ಪೂಜೆ ಎಲ್ಲಿಂದ ಶುರು ಮಾಡಿದ್ರಿ?"

"ಇಲ್ಲಿಂದ್ಲೇ ಕಣವ್ವ. ಲಕ್ಷ್ಮಿ ಇರೋ ಜಾಗ ಅಲ್ವಾ, ಅಕೌಂಟ್ಸು ಮೊದ್ಲು. ಆಮ್ಯಾಕೆ ನಿಮ್ ರೂಮು."

ಈ ಮಷೀನ್ ಆರಿದ ಮೇಲೂ ಸರ್ವರ್ ಸ್ವಲ್ಪ ಹೊತ್ತು ದುಡಿದಿತ್ತು. ಆ ಹೊತ್ತಿನ ಲಾಗ್‌ಗಳು ನಕಲಾಗಲು ಇಲ್ಲಿ ಮಷೀನೇ ಎಚ್ಚರವಿರಲಿಲ್ಲ. ಅವು ಸರ್ವರಿನಲ್ಲಿ ಮಾತ್ರ ಇದ್ದವು. ರಾತ್ರಿಯ ಬ್ಯಾಕಪ್ಪನ್ನು ಅದರ ಮೇಲೆಯೇ ಕೂರಿಸಿದ್ದರೆ ಅವು ಅಳಿದುಹೋಗಿರುತ್ತಿದ್ದವು. ಈಗ ಬೀರುವಿನಲ್ಲಿದ್ದವು.

ಬೀರುವಿನ ಬೀಗ ತೆಗೆದೆ. ಡಿಸ್ಕಿನಿಂದ ಆ ಲಾಗ್‌ಗಳನ್ನು ತಂದು ಸಾಲಿಗೆ ಸೇರಿಸಿದೆ. ಕ್ಲರ್ಕ್ ಜೋರಾಗಿ ಓದಿದರು, ಹೂಂ ಎಂದರು, ನಾನು ಒತ್ತಿದೆ. ಒಂದೊಂದೇ ಸೇರುತ್ತ ಹೋದವು. ಕೊನೆಯದು ಅರ್ಧ ಕಡಿದ ಲಾಗ್. ಪೂರ್ತಿಯಾಗಿ ಬರೆದಿರುವ ಕೊನೆಯ ದಾಖಲೆಯವರೆಗೆ ಓಡಿಸಿ ಅಲ್ಲಿಗೆ ನಿಲ್ಲಿಸಬೇಕು ಎಂಬುದು ಪಡಸಾಲೆಯಲ್ಲಿ ಎಷ್ಟೋ ಸಲ ಮಾಡಿ ಕೈಗೆ ಕೂತಿತ್ತು. ಹಾಗೆಯೇ ಮಾಡಿದೆ. ಡೇಟಾಬೇಸ್ ತೆರೆಯಿತು.

ಬೆಳಿಗ್ಗೆ ಕೊಟ್ಟಿದ್ದ ಟೋಕನ್‌ಗಳ ಸಂಖ್ಯೆಯನ್ನು ಒಂದೊಂದಾಗಿ ಹೊಡೆದು ನೋಡಿದೆವು. ಎಲ್ಲಕ್ಕೂ ತುಂಬಿದ ತೂಕ ಇತ್ತು, ಒಂದರ ಹೊರತು. ಅದು ಕರೆಂಟು ಹೋದ ಗಳಿಗೆಯಲ್ಲಿ ವೇಬ್ರಿಡ್ಜ್ ಮೇಲೆ ನಿಂತಿದ್ದ ಟ್ರ್ಯಾಕ್ಟರ್.

"ಆ ಟ್ರ್ಯಾಕ್ಟ್ರು ಎಲ್ಲಿ?" ಎಂದೆ.

ಕ್ಲರ್ಕ್ ತಲೆ ಕೆರೆದುಕೊಂಡರು. "ಪೂಜೆ ಆಗೋಗಂಟ ಇಲ್ಲೇನ್ ಕಾಯೋದು ಅಂತ ಅವ್ನು ಟ್ರ್ಯಾಕ್ಟ್ರು ಪೂಜೆ ಮಾಡ್ಸಾಕೆ ಅವ್ರೂರ್ಗೇ ಓದ್ನಲ್ಲ ಮೇಡಂ."

"ಕಬ್ಬು?"

"ಕಬ್ಬು ಸಮೇತಾನೇ ಓದ. ಇಳಿಸಿರ್ನಿಲ್ವಲ್ಲ."

ಕ್ಲರ್ಕೂ ನಾನೂ ನಕ್ಕ ನಗು ಅಕೌಂಟ್ಸ್ ಆಫೀಸಿನ ಹೊರಗೂ ಕೇಳಿಸಿತಂತೆ. ಆ ಟ್ರ್ಯಾಕ್ಟರ್ ಸಂಜೆ ಬಾಳೆಕಂದು ಕಟ್ಟಿಕೊಂಡು, ಮೈತುಂಬ ಹೂವು ಹೊತ್ತು ಬಂತು. ಹೂವು, ಬಾಳೆಕಂದು ಬಿಚ್ಚಿಸಿ ಮತ್ತೆ ತೂಗಿದೆವು. ಒಂದು ಗಾಡಿಯ ತೂಕವೂ ಕಳೆಯಲಿಲ್ಲ.

ಮಳವಳ್ಳಿ ಕಡೆಯ ಆ ಹೆಂಗಸು ಚೀಟಿಯನ್ನು ಓದಿಸಿಕೊಂಡರು, ಮತ್ತೊಬ್ಬರಿಂದಲೂ ಓದಿಸಿಕೊಂಡರು. "ಗಾಡಿ ತುಂಬೋವಾಗ ನಮ್ ತಮ್ಮ ಯೋಳಿದ್ ಲೆಕ್ಕುಕ್ಕೂ ಇದ್ಕೂ ಸರಿಯಾಗೈತೆ," ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹೋಗುವ ಮುಂಚೆ ತಿರುಗಿ, "ಊಟ ಮಾಡ್ದಾ? ಮೊಕ ನೋಡ್ಕೊ ಓಗು," ಎಂದರು. ಊಟ ಮಾಡಿರಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ಪಾಸಾದೆ. ಮೊದಲ ಸಲ ಎಡವಿದ ವಿಭಾಗದಲ್ಲಿ ಈ ಸಲ ಎಲ್ಲಕ್ಕಿಂತ ಹೆಚ್ಚು ಅಂಕ. ಹೆಮ್ಮೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಕಾಗದವನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಆದರೆ ಒಂದು ಪ್ರಶ್ನೆ ಈಗಲೂ ಬಗೆಹರಿದಿಲ್ಲ. ಆ ದಿನ ಸರ್ವರನ್ನು ಮುಟ್ಟದೆ ಇರುವ ತಾಳ್ಮೆ ನನಗೆ ಬಂದದ್ದು ಪರೀಕ್ಷೆಯ ಓದಿನಿಂದಲೋ, ಅರೆದ ಕಬ್ಬು ವಾಪಸ್ ಬರುವುದಿಲ್ಲ ಎಂಬುದನ್ನು ಹಂಗಾಮಿನಿಂದ ಹಂಗಾಮಿಗೆ ಕಂಡದ್ದರಿಂದಲೋ? ಓದಿಲ್ಲದಿದ್ದರೆ ಹಿಂದಿನ ಹಾಗೆ ಆರಿಸಿ ಹೊತ್ತಿಸುತ್ತಲೇ ಇರುತ್ತಿದ್ದೆನೇನೋ. ಕಬ್ಬಿನ ವಿಷಯ ಗೊತ್ತಿಲ್ಲದಿದ್ದರೆ, ಪಾಸಾಗಿದ್ದರೂ ಬೆಂಗಳೂರಿನವರ ಮೊದಲ ಮಾತಿಗೇ ಹೂಂ ಎನ್ನುತ್ತಿದ್ದೆನೇನೋ. ಎರಡನ್ನೂ ಬೇರೆ ಬೇರೆ ತೂಗಲು ನನ್ನಲ್ಲಿ ಸಾಧನವಿಲ್ಲ.

ಆಡಿಟರುಗಳಿಗೆ ಪ್ರಮಾಣಪತ್ರದ ಪ್ರತಿ ಹೋಯಿತು, ಆಕ್ಷೇಪ ತೆಗೆದುಹಾಕಿದರು. ಆಯುಧಪೂಜೆಯ ದಿನದ ಬಗ್ಗೆ ಅವರು ಕೇಳಲಿಲ್ಲ. ಅವರ ಪ್ರಶ್ನೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಮ್ಯಾನೇಜರ್ ಕರೆದು, ಡೇಟಾಬೇಸ್ ನನ್ನ ಹತ್ತಿರವೇ ಇರುತ್ತದೆ, ಶುಲ್ಕದ ಬಿಲ್ ಕೊಡು ಎಂದರು. ಪಾಸಾದ ಸಲದ್ದು ಮಾತ್ರ.

"ಸರ್, ಇನ್ನೊಂದು ವಿಷ್ಯ," ಎಂದೆ. "ನಾನೊಬ್ಬಳೇ ಇದ್ರೆ ಸಾಲದು. ಆವತ್ತು ಬಸ್ಸು ಇನ್ನೂ ತಡ ಆಗಿದ್ರೆ ಏನಾಗ್ತಿತ್ತು ನೋಡಿ. ವೇಬ್ರಿಡ್ಜ್ ಕ್ಲರ್ಕನ್ನ ನನ್ನ ಜೊತೆ ಹಾಕಿ. ಅವರೂ ಪರೀಕ್ಷೆ ಬರೀಲಿ. ಫೀಸು ಮೊದಲೇ ಫ್ಯಾಕ್ಟ್ರಿ ಕಟ್ಟಲಿ. ಪಾಸಾದ್ರೂ, ಫೇಲಾದ್ರೂ."

"ಫೇಲಾದ್ರೂವಾ? ಫೇಲಾದೋರ್ಗೆಲ್ಲ ಫೀಸ್ ಕಟ್ತಾ ಕೂತ್ಕೊಂಡ್ರೆ ನನ್ನ ಮನೇಗ್ ಕಳುಸ್ತಾರೆ ಕಣಮ್ಮ."

"ಆವತ್ತು ಗಾಡಿಗಳ ತೂಕ ಹುಡುಕಿಕೊಟ್ಟವಳು ಪಾಸಾಗಿರಲಿಲ್ಲ ಸರ್. ಫೇಲಾಗಿದ್ಳು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಕ್ಕರೋ ಇಲ್ಲವೋ ಖಂಡಿತವಾಗಿ ಹೇಳಲಾರೆ.

"ಬರ್ಕೊಂಡ್ ಬಾ," ಎಂದರು.

ಬರೆದುಕೊಂಡು ಹೋದೆ. 'ಫಲಿತಾಂಶ ಏನೇ ಇರಲಿ' ಎಂಬ ಮಾತಿನ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದೆ. ಅವರು ಆ ಗೆರೆಯ ಹತ್ತಿರ ಸ್ವಲ್ಪ ಹೊತ್ತು ಪೆನ್ನು ನಿಲ್ಲಿಸಿ, ಆಮೇಲೆ ಸಹಿ ಹಾಕಿದರು.